ಗೆರೆ, ದೀರ್ಘವೃತ್ತ, ಪರ್ಸ್ಪೆಕ್ಟಿವ್: ಚಿತ್ರಾಭ್ಯಾಸ ಶುರುಮಾಡಿದವರು ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಪ್ರಶ್ನೆಗಳು ಕಲಿಯುವವರ ಬಾಯಲ್ಲಿ ಬಂದ ಹಾಗೆಯೇ ಇವೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಬಹುದು. ಈಗಷ್ಟೇ ಶುರು ಮಾಡುವವರು ಮೇಲಿನಿಂದ ಓದಿಕೊಂಡು ಬಂದರೆ ಒಳ್ಳೆಯದು.

## ಪೆನ್ನು ಹಿಡಿಯುವ ಮುನ್ನ

ಬರೀ ಗೆರೆ, ಸೊನ್ನೆ, ಡಬ್ಬ ಹಾಕ್ತಾ ಕೂತರೆ ಚಿತ್ರ ಬರೆಯೋಕೆ ಬರುತ್ತಾ?

ಅಷ್ಟರಿಂದಲೇ ಬರುವುದಿಲ್ಲ. ಆದರೆ ಅದಿಲ್ಲದೆ ಮುಂದೆ ಹೋದರೆ, ಚಿತ್ರ ಕೆಟ್ಟಾಗ ತಪ್ಪು ನೋಡಿದ್ದರಲ್ಲಿದೆಯೋ ಕೈಯಲ್ಲಿದೆಯೋ ಎಂದು ಗೊತ್ತೇ ಆಗುವುದಿಲ್ಲ. ಕುರ್ಚಿಯ ಕಾಲು ಓರೆಯಾಗಿದೆ ಅನ್ನಿ. ನೀವು ಓರೆಯಾಗಿ ಕಂಡಿರೋ, ನೆಟ್ಟಗೆ ಕಂಡರೂ ಕೈ ಓರೆ ಎಳೆಯಿತೋ? ಅಂದುಕೊಂಡ ಕಡೆಗೆ ಗೆರೆ ಹೋಗುವ ಹಾಗೆ ಮಾಡಿಕೊಂಡರೆ ಆ ಎರಡರಲ್ಲಿ ಒಂದು ಅನುಮಾನ ಕಳೆಯುತ್ತದೆ. ಹಾಗೆಂದು ಇಡೀ ಸಮಯವನ್ನು ಅಭ್ಯಾಸಕ್ಕೇ ಕೊಡಬೇಡಿ. ಒಂದು ಗಂಟೆ ಇದ್ದರೆ ಅರ್ಧ ಗಂಟೆ ಅಭ್ಯಾಸ, ಇನ್ನರ್ಧ ನಿಮಗೆ ಇಷ್ಟವಾದ ಯಾವುದೇ ಚಿತ್ರ. ಆ ಇನ್ನರ್ಧವನ್ನು ಬಿಟ್ಟವರು ಬೇಸತ್ತು ಅಭ್ಯಾಸವನ್ನೂ ಬಿಡುತ್ತಾರೆ.

ಯಾವ ಪೆನ್ನು, ಯಾವ ಹಾಳೆ ತಗೊಳ್ಳಲಿ? ಪೆನ್ಸಿಲ್ ಸಾಲದಾ?

0.5 ಮಿ.ಮೀ. ಫೈನ್‌ಲೈನರ್ (ಸಣ್ಣ ತುದಿಯ ಮಸಿ ಪೆನ್ನು) ಒಳ್ಳೆಯದು. ಅದಿಲ್ಲದಿದ್ದರೆ ರೆನಾಲ್ಡ್ಸ್ 045ನಂಥ ಮಾಮೂಲಿ ಬಾಲ್ ಪೆನ್ ಸಾಕು. ಪೆನ್ಸಿಲ್ ಬೇಡ ಎನ್ನುವುದು ಅಳಿಸುವ ಆಸೆಯಿಂದ ದೂರ ಇರಲೆಂದು. ಅಳಿಸಬಹುದು ಎಂದು ಗೊತ್ತಿದ್ದರೆ ಕೈ ಯೋಚಿಸದೆ ಗೆರೆ ಎಳೆಯುತ್ತದೆ. ಅಳಿಸಿದ ಮೇಲೆ ಪರೀಕ್ಷಿಸಲು ತಪ್ಪೇ ಉಳಿಯುವುದಿಲ್ಲ. ಫೈನ್‌ಲೈನರನ್ನು ಕಾಗದಕ್ಕೆ ಒತ್ತಿದರೆ ತುದಿ ಬೇಗ ಸವೆಯುತ್ತದೆ, ಹಗುರವಾಗಿ, ಆದಷ್ಟು ನೆಟ್ಟಗೆ ಹಿಡಿಯಿರಿ.

ಹಾಳೆಗೆ ಜೆರಾಕ್ಸ್ ಅಂಗಡಿಯ 75 ಜಿಎಸ್‌ಎಂ ಎ4 ಸಾಕು. ಗೆರೆ ಹಾಕಿದ ನೋಟ್‌ಬುಕ್ ಬೇಡ, ಅಚ್ಚಾದ ಗೆರೆಗಳು ಕಣ್ಣಿಗೆ ಊರುಗೋಲಾಗುತ್ತವೆ. ಜೊತೆಗೆ ಒಂದು 30 ಸೆಂ.ಮೀ. ಸ್ಕೇಲು, ಮತ್ತು ಕೆಂಪು, ನೀಲಿ, ಹಸಿರು ಪೆನ್ನುಗಳು. ಈ ಬಣ್ಣದ ಪೆನ್ನುಗಳು ತಪ್ಪು ಹುಡುಕುವುದಕ್ಕೆ. ಅವಿಲ್ಲದೆ ಅಭ್ಯಾಸ ಅರ್ಧವೇ ಆಗುತ್ತದೆ.

ದಿನಕ್ಕೆ ಎಷ್ಟು ಹೊತ್ತು?

ಹದಿನೈದು ಇಪ್ಪತ್ತು ನಿಮಿಷ, ಆದಷ್ಟೂ ಪ್ರತಿದಿನ. ಭಾನುವಾರ ಒಂದೇ ಸಲ ಮೂರು ಗಂಟೆ ಕೂತರೆ ಕೊನೆಯ ಗಂಟೆಯಲ್ಲಿ ಕೈ ದಣಿದು, ದಣಿದ ಕೈಯ ಚಾಳಿಯೇ ರೂಢಿಯಾಗುತ್ತದೆ.

ಭುಜದಿಂದ ಗೆರೆ ಎಳಿ ಅಂತಾರಲ್ಲ, ಹಾಗಂದ್ರೇನು?

ಕೈ ಮೂರು ಕೀಲುಗಳಲ್ಲಿ ತಿರುಗುತ್ತದೆ: ಮಣಿಕಟ್ಟು, ಮೊಣಕೈ, ಭುಜ. ಕೀಲು ಪೆನ್ನಿಗೆ ಹತ್ತಿರವಿದ್ದಷ್ಟೂ ಅದು ಎಳೆಯುವ ಕಮಾನು ಚಿಕ್ಕದು, ಬಾಗು ಹೆಚ್ಚು. ಮಣಿಕಟ್ಟನ್ನು ಮೇಜಿಗೆ ಊರಿ 15 ಸೆಂ.ಮೀ. ಗೆರೆ ಎಳೆಯಲು ಹೋದರೆ ನಡುವೆ ಕೈ ಸಿಕ್ಕಿಕೊಳ್ಳುತ್ತದೆ, ಗೆರೆ ಬಾಗುತ್ತದೆ.

ಭುಜದಿಂದ ಎಳೆಯುವಾಗ ಮಣಿಕಟ್ಟು ಬಿಗಿಯದೆ ಒಂದೇ ಸ್ಥಿತಿಯಲ್ಲಿರಬೇಕು, ಮೊಣಕೈ ಮೇಜಿನಿಂದ ಎದ್ದಿರಬೇಕು, ಇಡೀ ತೋಳು ಒಟ್ಟಿಗೆ ಸರಿಯಬೇಕು. ಕಿರುಬೆರಳಿನ ಪಕ್ಕ ಕಾಗದಕ್ಕೆ ತಾಗಿದರೆ ಅಡ್ಡಿಯಿಲ್ಲ, ಆದರೆ ಭಾರ ಹಾಕಬೇಡಿ. ಮೊದಲ ಕೆಲವು ದಿನ ಗೆರೆಗಳು ಹಿಂದಿಗಿಂತ ಕೆಟ್ಟದಾಗಿ ಬರುತ್ತವೆ. ಅದು ಸಹಜ, ಅದಕ್ಕೆ ಹೆದರಿ ಮಣಿಕಟ್ಟಿಗೆ ಮರಳಬೇಡಿ. ಅಕ್ಷರ ಬರೆಯಲು, ಸಣ್ಣ ವಿವರ ತುಂಬಲು ಮಾತ್ರ ಮಣಿಕಟ್ಟು ಸಾಕು.

## ಗೆರೆ

ಮೊದಲ ದಿನ ಏನು ಮಾಡಲಿ? ಒಂದೊಂದೇ ಹೆಜ್ಜೆ ಹೇಳಿ.

ಸ್ಕೇಲಿನಿಂದ 5, 10, 20 ಸೆಂ.ಮೀ. ಉದ್ದದ ಗೆರೆಗಳನ್ನು ಎಳೆಯಿರಿ, ಉದ್ದಕ್ಕೆ ನಾಲ್ಕರಂತೆ. ಆಮೇಲೆ ಸ್ಕೇಲು ಬದಿಗಿಟ್ಟು ಒಂದೊಂದರ ಮೇಲೂ ಬರಿಗೈಯಲ್ಲಿ ಎಂಟು ಸಲ ಎಳೆಯಿರಿ. ಪ್ರತಿ ಸಲವೂ ಪೆನ್ನಿನ ತುದಿಯನ್ನು ಆರಂಭದ ಬಿಂದುವಿನ ಮೇಲೆ ಸರಿಯಾಗಿ ಇಟ್ಟು, ಒಂದು ಕ್ಷಣ ನಿಂತು, ಒಂದೇ ಓಟದಲ್ಲಿ ಎಳೆದುಬಿಡಿ.

ಮುಗಿದ ಮೇಲೆ ತುದಿಗಳನ್ನು ನೋಡಿ. ಕೊನೆಯ ತುದಿಯಲ್ಲಿ ಮಾತ್ರ ಗೆರೆಗಳು ಕವಲೊಡೆದಿದ್ದರೆ ಈ ಹಂತಕ್ಕೆ ಅದು ಸರಿಯೇ, ಅಭ್ಯಾಸದಿಂದ ಕಡಿಮೆಯಾಗುತ್ತದೆ. ಎರಡೂ ತುದಿ ಕವಲೊಡೆದಿದ್ದರೆ ನೀವು ಅವಸರ ಮಾಡಿದ್ದೀರಿ: ಪೆನ್ನನ್ನು ಆರಂಭದ ಬಿಂದುವಿನಲ್ಲಿ ಇಡಲು ಯಾವ ಕೌಶಲವೂ ಬೇಡ, ತಾಳ್ಮೆ ಸಾಕು.

ಎರಡು ಚುಕ್ಕಿ ನಡುವೆ ಗೆರೆ ಎಳೆದರೆ ನಡುಗುತ್ತೆ. ನನ್ನ ಕೈಯಲ್ಲೇ ಏನಾದ್ರೂ ದೋಷ ಇದೆಯಾ?

ಬಹುತೇಕ ಯಾರಿಗೂ ಇರುವುದಿಲ್ಲ. ನಿಧಾನವಾಗಿ ಎಳೆಯುವಾಗ ಕಣ್ಣು ತಪ್ಪನ್ನು ಕಂಡು ಕೈಯನ್ನು ತಿದ್ದುತ್ತದೆ, ಕೈ ಅತ್ತ ಹೊರಳುವಷ್ಟರಲ್ಲಿ ಪೆನ್ನು ಮುಂದೆ ಹೋಗಿರುತ್ತದೆ, ಮತ್ತೆ ಇತ್ತ ತಿದ್ದಬೇಕಾಗುತ್ತದೆ. ಈ ಸಣ್ಣ ಸಣ್ಣ ತಿದ್ದುಪಡಿಗಳ ಸಾಲೇ ನಿಮಗೆ ನಡುಕವಾಗಿ ಕಾಣುವುದು.

ಹಾಗಾಗಿ ತಿದ್ದುವ ಕೆಲಸವನ್ನೆಲ್ಲ ಗೆರೆ ಎಳೆಯುವ ಮೊದಲೇ ಮುಗಿಸಿ. 10–12 ಸೆಂ.ಮೀ. ದೂರದಲ್ಲಿ ಎರಡು ಚುಕ್ಕಿ ಇಡಿ. ತೋಳು ಸಲೀಸಾಗಿ ಸಾಗುವ ದಿಕ್ಕಿಗೆ ಹಾಳೆಯನ್ನು ತಿರುಗಿಸಿಕೊಳ್ಳಿ. ಪೆನ್ನನ್ನು ಕಾಗದಕ್ಕೆ ತಾಗಿಸದೆ ಚುಕ್ಕಿಯಿಂದ ಚುಕ್ಕಿಗೆ ಮೂರು ನಾಲ್ಕು ಸಲ ಗಾಳಿಯಲ್ಲಿ ಓಡಿಸಿ. ಕೈಗೆ ಆ ದಾರಿ ಹಿಡಿಸಿತು ಅನ್ನಿಸಿದಾಗ, ಅದೇ ವೇಗದಲ್ಲಿ, ಪೆನ್ನು ಊರಿ ಎಳೆಯಿರಿ. ಊರಿದ ಮೇಲೆ ತಿದ್ದುವಂತಿಲ್ಲ. ಗುರಿ ತಪ್ಪಿದರೂ ಗೆರೆ ನಯವಾಗಿರಲಿ. ನಯ ಮೊದಲು, ಗುರಿ ಆಮೇಲೆ: ನಯವಾದ ಗೆರೆಯ ಗುರಿ ದಿನೇದಿನೇ ಸುಧಾರಿಸುತ್ತದೆ, ನಡುಗುವ ಗೆರೆ ಗುರಿ ಮುಟ್ಟಿದರೂ ನಡುಗುತ್ತಲೇ ಇರುತ್ತದೆ. ಈ ಪುಟದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನೇ ನೆನಪಿಡಿ.

ನಡುಕ ಹೋಯ್ತು. ಈಗ ಗೆರೆ ಬಾಗುತ್ತೆ, ಚುಕ್ಕಿ ದಾಟಿ ಹೋಗುತ್ತೆ.

ಎಲ್ಲ ಗೆರೆಗಳೂ ಒಂದೇ ಕಡೆ ಬಾಗುತ್ತಿದ್ದರೆ ಮೊಣಕೈ ಮೇಜಿಗೆ ಊರಿದೆ, ಅದನ್ನು ಎತ್ತಿ. ಆಗಲೂ ಹೋಗದಿದ್ದರೆ ಸ್ವಲ್ಪ ದಿನ ಬೇಕೆಂದೇ ಎದುರು ದಿಕ್ಕಿಗೆ ಚೂರು ಬಾಗಿಸಿ ಎಳೆಯಿರಿ, ನಡುವೆ ಎಲ್ಲೋ ನೇರ ಗೆರೆ ಸಿಗುತ್ತದೆ.

ಚುಕ್ಕಿ ದಾಟುವುದಕ್ಕೆ ಬೇರೆ ಮದ್ದು. ಚುಕ್ಕಿಯ ಬಳಿ ಕೈಯನ್ನು ನಿಲ್ಲಿಸಲು ನೋಡಬೇಡಿ, ಪೆನ್ನನ್ನು ಮೇಲೆತ್ತಿ. ಓಡುತ್ತಿರುವ ತೋಳನ್ನು ತಟ್ಟನೆ ನಿಲ್ಲಿಸುವುದು ಕಷ್ಟ, ಎತ್ತುವುದು ಸುಲಭ.

ತಪ್ಪಿದ ಗೆರೆ ಮೇಲೇ ಇನ್ನೊಂದು ಎಳೆದು ಸರಿ ಮಾಡಬಹುದಾ?

ಬೇಡ. ಕಣ್ಣು ದಪ್ಪ ಗೆರೆಯ ಕಡೆಗೇ ಹೋಗುತ್ತದೆ. ತಿದ್ದಿದಷ್ಟೂ ತಪ್ಪು ಎದ್ದು ಕಾಣುತ್ತದೆ.

ನಾನು ಎಡಗೈಯವಳು. ಏನಾದ್ರೂ ಬದಲಾಯಿಸಬೇಕಾ?

ದಿಕ್ಕು ಮಾತ್ರ. ಬಲಗೈಯವರಿಗೆ ಎಡದ ಕೆಳಮೂಲೆಯಿಂದ ಬಲದ ಮೇಲ್ಮೂಲೆಗೆ ಎಳೆಯುವುದು ಸಲೀಸು, ನಿಮಗೆ ಬಲದ ಕೆಳಗಿನಿಂದ ಎಡದ ಮೇಲಕ್ಕೆ. ಹಾಳೆಯನ್ನು ಆ ಪ್ರಕಾರ ತಿರುಗಿಸಿ, ಅಭ್ಯಾಸವನ್ನು ಬಲದಿಂದ ಎಡಕ್ಕೆ ತುಂಬುತ್ತ ಬನ್ನಿ. ಆಗ ಹಸಿ ಮಸಿಯ ಮೇಲೆ ಕೈ ಒರೆಸುವುದಿಲ್ಲ.

## ದೀರ್ಘವೃತ್ತ

ದೀರ್ಘವೃತ್ತ ಅಂದ್ರೆ ಮೊಟ್ಟೆ ಆಕಾರ ತಾನೇ?

ಅಲ್ಲ. ಮೊಟ್ಟೆಗೆ ಒಂದು ತುದಿ ದಪ್ಪ, ಒಂದು ತುದಿ ಸಣ್ಣ. ದೀರ್ಘವೃತ್ತ ಎಂದರೆ ವೃತ್ತವನ್ನು ಓರೆಯಿಂದ ನೋಡಿದಾಗ ಕಾಣುವ ಆಕಾರ. ಅದಕ್ಕೆ ಎರಡು ಅಕ್ಷಗಳಿವೆ, ಉದ್ದದ್ದು ಮತ್ತು ಚಿಕ್ಕದ್ದು. ಅವು ಲಂಬವಾಗಿ ದಾಟುತ್ತವೆ, ಯಾವುದರ ಉದ್ದಕ್ಕೆ ಮಡಿಸಿದರೂ ಎರಡು ಭಾಗ ಒಂದರ ಮೇಲೊಂದು ಕೂರುತ್ತವೆ. ಇದನ್ನು ಕಾಗದ ಕತ್ತರಿಸಿ ಮಡಿಸಿಯೇ ನೋಡಿ. ಎರಡು ತುದಿಯಲ್ಲಿ ಅರ್ಧವೃತ್ತ, ನಡುವೆ ನೇರ ಗೆರೆ ಇರುವ ಮಾತ್ರೆಯ ಆಕಾರವೂ ದೀರ್ಘವೃತ್ತವಲ್ಲ, ದೀರ್ಘವೃತ್ತದಲ್ಲಿ ನೇರ ಭಾಗ ಎಲ್ಲೂ ಇರುವುದಿಲ್ಲ.

ಅಭ್ಯಾಸ ಹೇಗೆ ಮಾಡಲಿ? ತುದಿ ಚೂಪಾಗ್ತಾನೇ ಇರುತ್ತೆ.

ಎ4 ಹಾಳೆಯಲ್ಲಿ ಸ್ಕೇಲಿನಿಂದ 3 ಸೆಂ.ಮೀ. ಎತ್ತರದ ಪಟ್ಟಿಗಳನ್ನು ಮಾಡಿಕೊಳ್ಳಿ. ಒಂದೊಂದು ಪಟ್ಟಿಯಲ್ಲೂ ಒಂದೇ ಅಗಲದ, ಒಂದೇ ಓರೆಯ ದೀರ್ಘವೃತ್ತಗಳನ್ನು ತುಂಬಿ. ಪ್ರತಿಯೊಂದೂ ಪಟ್ಟಿಯ ಮೇಲು ಕೆಳಗಿನ ಗೆರೆಗೂ ಪಕ್ಕದ ದೀರ್ಘವೃತ್ತಕ್ಕೂ ತಾಗಬೇಕು. ಜಾಗ ಬಿಟ್ಟರೆ ಗುರಿಯೇ ಇಲ್ಲದಂತಾಗಿ, ಸರಿಯೋ ತಪ್ಪೋ ಹೇಳಲು ಆಧಾರ ಇರುವುದಿಲ್ಲ. ಮೊದಲು ಗಾಳಿಯಲ್ಲಿ ಸುತ್ತಿಸಿ, ಪೆನ್ನು ಊರಿದ ಮೇಲೆ ನಿಲ್ಲದೆ ಎರಡು ಸುತ್ತು ಹಾಕಿ ಎತ್ತಿ. ಒಂದೇ ಸುತ್ತಾದರೆ ಕೂಡುವ ಜಾಗ ಮುರಿದು ಕಾಣುತ್ತದೆ, ಮೂರು ದಾಟಿದರೆ ಆಕಾರವೇ ಮಸುಕಾಗುತ್ತದೆ.

ತುದಿ ಚೂಪಾಗುವುದು ತಿರುವಿನಲ್ಲಿ ಕೈ ತಡೆಯುವುದರಿಂದ. ಇಡೀ ಸುತ್ತು ಒಂದೇ ವೇಗದಲ್ಲಿರಲಿ. ತುಂಬ ಚಪ್ಪಟೆಯಾದವುಗಳಲ್ಲಿ ಇದು ಹೆಚ್ಚು ಕಾಡುತ್ತದೆ. ಮೊದಲ ವಾರ ಅಗಲವಾದವನ್ನೇ ಮಾಡಿ.

ಲೋಟದ ಬಾಯಿ ಸರಿ ಬರುತ್ತೆ. ತಳ ಮಾತ್ರ ಯಾಕೋ ನಿಲ್ಲೋದೇ ಇಲ್ಲ.

ತಳವನ್ನು ನೇರ ಗೆರೆಯಾಗಿಯೋ, ಬಾಯಷ್ಟೇ ಚಪ್ಪಟೆಯಾಗಿಯೋ ಬರೆದಿರುತ್ತೀರಿ. ಮೇಜಿನ ಮೇಲಿನ ಲೋಟದ ಬಾಯಿ ನಿಮ್ಮ ಕಣ್ಣಿನ ಮಟ್ಟಕ್ಕೆ ಹತ್ತಿರ, ತಳ ದೂರ. ಕಣ್ಣಿನ ಮಟ್ಟದಿಂದ ಕೆಳಗಿಳಿದಷ್ಟೂ ಅದನ್ನು ಹೆಚ್ಚು ಮೇಲಿನಿಂದ ನೋಡುತ್ತೀರಿ, ಆದ್ದರಿಂದ ತಳ ಬಾಯಿಗಿಂತ ದುಂಡಾಗಿ ಕಾಣಬೇಕು. ಸ್ಟೀಲ್ ಲೋಟದ ತಳ ಅಳತೆಯಲ್ಲಿ ಕಿರಿದು, ಆದರೂ ಅಗಲಕ್ಕೆ ಹೋಲಿಸಿದರೆ ಅದರ ಎತ್ತರ ಹೆಚ್ಚು. ಒಂದು ಲೆಕ್ಕ ನೆನಪಿಟ್ಟುಕೊಳ್ಳಿ: ವೃತ್ತವನ್ನು 30 ಡಿಗ್ರಿ ಕೋನದಲ್ಲಿ ಮೇಲಿನಿಂದ ನೋಡಿದರೆ ಚಿಕ್ಕ ಅಕ್ಷ ಉದ್ದದ್ದರ ಅರ್ಧ. 6 ಸೆಂ.ಮೀ. ಅಗಲಕ್ಕೆ 3 ಸೆಂ.ಮೀ. ಎತ್ತರ.

ತಳದ ಹಿಂಬದಿ ಕಾಣದಿದ್ದರೂ ಪೂರ್ತಿ ಸುತ್ತು ಹಾಕಿ. ಅರ್ಧ ಮಾತ್ರ ಎಳೆದರೆ ಅಂಚಿನಲ್ಲಿ ಮೂಲೆ ಬೀಳುತ್ತದೆ.

ಚಕ್ರ, ಮಲಗಿದ ಡ್ರಮ್ಮು ಬರೆದರೆ ಸೊಟ್ಟಗಾಗುತ್ತೆ. ಯಾವ ಕಡೆ ಓರೆ ಮಾಡಬೇಕು?

ಮೊದಲು ಡ್ರಮ್ಮಿನ ನಡುವೆ ತೂರಿದ ಸರಳಿನ ಹಾಗೆ ಒಂದು ಗೆರೆ ಎಳೆಯಿರಿ. ಎರಡೂ ಕೊನೆಯ ದೀರ್ಘವೃತ್ತಗಳ ಚಿಕ್ಕ ಅಕ್ಷ ಆ ಗೆರೆಯ ಮೇಲೆ ಕೂರಬೇಕು, ಉದ್ದ ಅಕ್ಷ ಅದಕ್ಕೆ ಲಂಬ. ಡ್ರಮ್ಮು ಎತ್ತ ಓರೆಯಾದರೂ ಇದೇ ನಿಯಮ. ಹೊಸಬರು ಉದ್ದ ಅಕ್ಷವನ್ನು ಯಾವಾಗಲೂ ನೆಟ್ಟಗೆ ನಿಲ್ಲಿಸುತ್ತಾರೆ, ಅದಕ್ಕೇ ಚಕ್ರ ಕಳಚಿ ಬೀಳುವಂತೆ ಕಾಣುತ್ತದೆ.

ಅಭ್ಯಾಸಕ್ಕೆ: ಹತ್ತು ಗೆರೆಗಳನ್ನು ಹತ್ತು ದಿಕ್ಕಿಗೆ ಎಳೆದು, ಪ್ರತಿಯೊಂದರ ಮೇಲೂ ಎರಡೆರಡು ದೀರ್ಘವೃತ್ತ ಕೂರಿಸಿ ಅಂಚು ಸೇರಿಸಿ. ಆಮೇಲೆ ಕೆಂಪು ಪೆನ್ನಿನಲ್ಲಿ ಪ್ರತಿ ದೀರ್ಘವೃತ್ತದ ನಿಜವಾದ ಚಿಕ್ಕ ಅಕ್ಷವನ್ನು ಎಳೆದು, ಮೊದಲಿನ ಗೆರೆಯಿಂದ ಎಷ್ಟು ಸರಿದಿದೆ ನೋಡಿ.

ಓರೆ ಚೌಕದೊಳಗೆ ವೃತ್ತ ಕೂರಿಸಿದೆ. ಅಚ್ಚಿನ ತೂತು ಎಲ್ಲಿಡಲಿ, ದೀರ್ಘವೃತ್ತದ ನಡುವೆಯಾ?

ಅಲ್ಲ, ಚೌಕದ ಕರ್ಣಗಳು ದಾಟುವಲ್ಲಿ. ಪರ್ಸ್ಪೆಕ್ಟಿವ್‌ನಲ್ಲಿ, ಅಂದರೆ ದೂರದ್ದು ಚಿಕ್ಕದಾಗಿ ಕಾಣುವ ಹಾಗೆ ಬರೆಯುವಾಗ, ವೃತ್ತದ ನಿಜವಾದ ಕೇಂದ್ರ ದೀರ್ಘವೃತ್ತದ ನಡುಬಿಂದುವಿಗಿಂತ ತುಸು ಹಿಂದೆ, ನಮ್ಮಿಂದ ದೂರಕ್ಕೆ, ಬೀಳುತ್ತದೆ. ಹತ್ತಿರದ ಅರ್ಧ ದೊಡ್ಡದಾಗಿ, ದೂರದ ಅರ್ಧ ಚಿಕ್ಕದಾಗಿ ಕಾಣುವುದೇ ಕಾರಣ. ಕರ್ಣಗಳು ದಾಟುವ ಬಿಂದುವಿನಿಂದ ಎರಡು ವ್ಯಾನಿಶಿಂಗ್ ಪಾಯಿಂಟ್‌ಗಳಿಗೂ (ದೂರ ಹೋಗುವ ಸಮಾನಾಂತರ ಗೆರೆಗಳು ಚಿತ್ರದಲ್ಲಿ ಕೂಡುವ ಬಿಂದುಗಳು) ಗೆರೆ ಎಳೆದರೆ (ನಿಂತ ಚಕ್ರವಾದರೆ ಒಂದು ಗೆರೆ ನೆಟ್ಟಗೆ) ಅವು ಚೌಕದ ನಾಲ್ಕು ಬದಿಯ ನಡುಬಿಂದುಗಳನ್ನು ತೋರಿಸುತ್ತವೆ. ದೀರ್ಘವೃತ್ತ ಬದಿಗಳನ್ನು ಅಲ್ಲೇ ತಾಗಬೇಕು. ಹಂಪಿಯ ವಿಠ್ಠಲ ದೇವಾಲಯದ ಕಲ್ಲಿನ ರಥದ ಚಕ್ರಗಳನ್ನು ಓರೆಯಿಂದ ತೆಗೆದ ಫೋಟೋ ಇಟ್ಟುಕೊಂಡು ಇದನ್ನು ಪರೀಕ್ಷಿಸಿ, ಒಳ್ಳೆಯ ಪಾಠ.

## ಪರ್ಸ್ಪೆಕ್ಟಿವ್

ಹೊರೈಝನ್ ಲೈನ್ ಎಲ್ಲಿ ಹಾಕಬೇಕು ಅನ್ನೋದೇ ಗೊತ್ತಾಗಲ್ಲ.

ಅದು ನೋಡುವವರ ಕಣ್ಣಿನ ಎತ್ತರ, ಅಷ್ಟೇ. ನೆಲದಲ್ಲಿ ಕೂತರೆ ಕೆಳಗಿಳಿಯುತ್ತದೆ, ಮಹಡಿ ಹತ್ತಿದರೆ ಮೇಲೇರುತ್ತದೆ. ಮಲ್ಪೆಯಲ್ಲೋ ಕಾರವಾರದಲ್ಲೋ ಕಡಲಿನೆದುರು ನಿಂತರೆ ನೀರು ಆಕಾಶ ಕೂಡುವ ಗೆರೆ ಅದೇ. ಸಮತಟ್ಟಾದ ಬೀದಿಯಲ್ಲಿ ನಿಮ್ಮಷ್ಟೇ ಎತ್ತರದವರು ಎಷ್ಟೇ ದೂರ ನಿಂತಿರಲಿ, ಆ ಗೆರೆ ಅವರ ಕಣ್ಣಿನ ಮೂಲಕವೇ ಹಾಯುತ್ತದೆ. ಜನರನ್ನು ಚಿತ್ರದಲ್ಲಿ ಕೂರಿಸಲು ಇದಕ್ಕಿಂತ ಸುಲಭದ ಅಳತೆ ಇಲ್ಲ.

ಒನ್ ಪಾಯಿಂಟ್, ಟೂ ಪಾಯಿಂಟ್, ಥ್ರೀ ಪಾಯಿಂಟ್: ಯಾವಾಗ ಯಾವುದು?

ನೀವು ನೋಡುವ ದಿಕ್ಕು ವಸ್ತುವಿಗೆ ಹೇಗಿದೆ ಎಂಬುದರ ಮೇಲೆ. ಹಂಪಿಯ ವಿರೂಪಾಕ್ಷ ಬಜಾರಿನ ನಟ್ಟನಡುವೆ ನಿಂತು ಗೋಪುರದ ಕಡೆ ನೇರ ನೋಡಿ: ಸುಮಾರು ಮುಕ್ಕಾಲು ಕಿಲೋಮೀಟರ್ ಬೀದಿಯ ಎರಡೂ ಬದಿಯ ಮಂಟಪಗಳ ಸಾಲು ಒಂದೇ ಬಿಂದುವಿನ ಕಡೆ ಸಾಗುತ್ತದೆ. ಕಂಬಗಳು ನೆಟ್ಟಗೆ, ನಿಮ್ಮೆದುರಿನ ತೊಲೆಗಳು ಅಡ್ಡಲಾಗಿ ಉಳಿಯುತ್ತವೆ. ಇದು ಒನ್ ಪಾಯಿಂಟ್. ಪಕ್ಕಕ್ಕೆ ಬಂದು ಒಂದು ಮಂಟಪದ ಮೂಲೆಯನ್ನು ನೋಡಿದರೆ ಅದರ ಎರಡು ಬದಿಗಳು ಎರಡು ಬಿಂದುಗಳ ಕಡೆ ಹೋಗುತ್ತವೆ, ಕಂಬ ಮಾತ್ರ ನೆಟ್ಟಗೆ. ಅದು ಟೂ ಪಾಯಿಂಟ್. ಗೋಪುರದ ಬುಡಕ್ಕೆ ಹೋಗಿ ತಲೆಯೆತ್ತಿದರೆ ನೆಟ್ಟಗಿನ ಗೆರೆಗಳೂ ಮೇಲಕ್ಕೆ ಕೂಡತೊಡಗುತ್ತವೆ, ಅದು ಥ್ರೀ ಪಾಯಿಂಟ್. ಇಲ್ಲೊಂದು ಎಚ್ಚರಿಕೆ: ಗೋಪುರ ತಾನೇ ಮೇಲಕ್ಕೆ ಕಿರಿದಾಗುವ ಕಟ್ಟಡ, ಆದ್ದರಿಂದ ಥ್ರೀ ಪಾಯಿಂಟ್ ಕಲಿಯಲು ಅಪಾರ್ಟ್‌ಮೆಂಟ್ ಕಟ್ಟಡವೇ ವಾಸಿ.

ಟೂ ಪಾಯಿಂಟ್‌ನಲ್ಲಿ ಡಬ್ಬ ಬರೆದರೆ ಮೂಗಿನ ಹಾಗೆ ಮುಂದಕ್ಕೆ ಚಾಚಿಕೊಳ್ಳುತ್ತೆ.

ವ್ಯಾನಿಶಿಂಗ್ ಪಾಯಿಂಟ್‌ಗಳು ತೀರ ಹತ್ತಿರ ಇವೆ. ಚಿತ್ರದ ಅಗಲದ ಕನಿಷ್ಠ ಒಂದೂಮುಕ್ಕಾಲು ಪಟ್ಟು ಅಂತರ ಇರಲಿ. ಎ4 ಹಾಳೆಯನ್ನು ಅಡ್ಡಲಾಗಿ ಇಟ್ಟು ಎರಡು ಬಿಂದುಗಳನ್ನು 25 ಸೆಂ.ಮೀ. ದೂರದಲ್ಲಿಟ್ಟರೆ, ನಡುವಿನ ಸುಮಾರು 14 ಸೆಂ.ಮೀ. ಒಳಗೆ ಬರೆದದ್ದು ಸಹಜವಾಗಿ ಕಾಣುತ್ತದೆ.

ಇನ್ನೂ ಖಚಿತವಾದ ಪರೀಕ್ಷೆ ಬೇಕಾದರೆ, ಎರಡು ಬಿಂದುಗಳ ನಡುವಿನ ಗೆರೆಯನ್ನೇ ವ್ಯಾಸವಾಗಿಟ್ಟು ಕಂಪಾಸಿನಿಂದ ವೃತ್ತ ಎಳೆಯಿರಿ. ಡಬ್ಬದ ಹತ್ತಿರದ ಮೂಲೆ ವೃತ್ತದ ಮೇಲೆ ಬಿದ್ದರೆ ಅಲ್ಲಿನ ಕೋನ ಸರಿಯಾಗಿ 90 ಡಿಗ್ರಿ, ಹೊರಗೆ ಬಿದ್ದರೆ ಇನ್ನೂ ಕಿರಿದು. ಆಗಲೇ ಡಬ್ಬ ಚಾಚಿಕೊಳ್ಳುವುದು. ಮೂಲೆಗಳೆಲ್ಲ ವೃತ್ತದೊಳಗೆ, ಅಂಚಿನಿಂದ ಸಾಕಷ್ಟು ದೂರ ಇರಲಿ.

ಪಾಯಿಂಟ್ ಹಾಳೆಯಿಂದ ಆಚೆ ಹೋದರೆ ಏನು ಮಾಡೋದು?

ಹಳೆ ಪೇಪರಿನ ಹಾಳೆಯನ್ನು ಪಕ್ಕಕ್ಕೆ ಅಂಟಿಸಿ ಅದರ ಮೇಲೆ ಚುಕ್ಕಿ ಇಡುವುದು ಒಂದು ದಾರಿ. ಅದು ಆಗದಿದ್ದರೆ, ಕಟ್ಟಡದ ಮೇಲಂಚಿನ ಒಂದು ಗೆರೆಯನ್ನು ಅಂದಾಜಿನಿಂದ ಎಳೆದುಕೊಳ್ಳಿ. ಹತ್ತಿರದ ಮೂಲೆಯಲ್ಲಿ ಒಂದು, ಹಾಳೆಯ ಅಂಚಿನಲ್ಲಿ ಒಂದು ನೆಟ್ಟಗೆರೆ ಹಾಕಿ. ಎರಡರಲ್ಲೂ, ಹೊರೈಝನ್‌ನಿಂದ ಆ ಮೇಲಂಚಿನವರೆಗಿನ ಎತ್ತರವನ್ನು ನಾಲ್ಕು ಸಮಭಾಗ ಮಾಡಿ. ಒಂದನೆಯದನ್ನು ಒಂದನೆಯದಕ್ಕೆ, ಎರಡನೆಯದನ್ನು ಎರಡನೆಯದಕ್ಕೆ ಸೇರಿಸುತ್ತ ಹೋದರೆ ಎಲ್ಲ ಗೆರೆಗಳೂ ಕಾಣದ ಆ ಒಂದೇ ಬಿಂದುವಿಗೆ ಹೋಗುತ್ತವೆ.

ಪಾಯಿಂಟ್ ಇಡದೆ ಬರಿಗೈಯಲ್ಲಿ ಡಬ್ಬ ಬರೆಯೋದು ಹೇಗೆ? ಹಿಂದಿನ ಮೂಲೆ ಕೂಡೋದೇ ಇಲ್ಲ.

ಒಂದು ಚುಕ್ಕಿಯಿಂದ ಮೂರು ದಿಕ್ಕಿಗೆ 3–5 ಸೆಂ.ಮೀ. ಗೆರೆ ಎಳೆಯಿರಿ. ಮೂರು ಕೋನಗಳೂ 90 ಡಿಗ್ರಿಗಿಂತ ದೊಡ್ಡವಿರಲಿ. ಈ ಚುಕ್ಕಿ ನಿಮಗೆ ಅತಿ ಹತ್ತಿರದ ಮೂಲೆ. ಮೂರೂ ಗೆರೆ ನಿಮ್ಮಿಂದ ದೂರ ಹೋಗುತ್ತಿವೆ, ಆದ್ದರಿಂದ ಪ್ರತಿ ಗೆರೆಯ ಜೊತೆಗಾರ ಗೆರೆಗಳು ಅದೇ ದಿಕ್ಕಿನಲ್ಲಿ ತುಸುತುಸು ಒಳಕ್ಕೆ ಬಾಗಬೇಕು. ಉಳಿದ ಅಂಚುಗಳನ್ನು ಹೀಗೆ ಮುಗಿಸಿ, ಕಾಣದ ಹಿಂಬದಿಯ ಮೂರು ಅಂಚುಗಳನ್ನೂ ಎಳೆಯಿರಿ. ಒಂದು ಪುಟಕ್ಕೆ ಐದು ಡಬ್ಬ ಸಾಕು.

ಈಗ ಬಹಳ ಮಂದಿ ಬಿಟ್ಟುಬಿಡುವ ಕೆಲಸ. ಡಬ್ಬದ ಹನ್ನೆರಡು ಅಂಚುಗಳು ನಾಲ್ಕು ನಾಲ್ಕರ ಮೂರು ಗುಂಪು. ಒಂದು ಗುಂಪನ್ನು ಕೆಂಪಿನಲ್ಲಿ, ಒಂದನ್ನು ನೀಲಿಯಲ್ಲಿ, ಒಂದನ್ನು ಹಸಿರಿನಲ್ಲಿ, ಸ್ಕೇಲು ಇಟ್ಟು ನಿಮ್ಮಿಂದ ದೂರದ ಕಡೆಗೆ ಚಾಚಿ. ನಾಲ್ಕೂ ಒಂದೇ ಜಾಗದ ಕಡೆ ಹೋಗುತ್ತಿವೆಯೇ? ಒಂದು ಜೋಡಿ ಬೇಗ ಕೂಡಿ ಇನ್ನೊಂದು ಜೋಡಿ ದೂರ ಉಳಿದರೆ, ನೀವು ಒಂದೊಂದು ಮುಖವನ್ನು ಬಿಡಿಬಿಡಿಯಾಗಿ ಯೋಚಿಸಿದ್ದೀರಿ. ಗೆರೆಗಳು ದೂರದಲ್ಲಿ ಅಗಲಿದರೆ ಆ ಗುಂಪು ತಿರುಗುಮುರುಗಾಗಿದೆ. ಹಿಂದಿನ ಮೂಲೆ ಕೂಡದಿರುವುದು ಬೇರೆ ತಪ್ಪಲ್ಲ. ಮೊದಲಿನ ಒಂಬತ್ತು ಅಂಚುಗಳ ಸಣ್ಣ ತಪ್ಪುಗಳೆಲ್ಲ ಸೇರುವ ಜಾಗ ಅದು. ಅದನ್ನು ತಿದ್ದಲು ಹೋಗದೆ, ಮುಂದಿನ ಡಬ್ಬದಲ್ಲಿ ಹೊಸ ಅಂಚು ಎಳೆಯುವ ಮುನ್ನ ಅದರ ಗುಂಪಿನ ಇತರ ಗೆರೆಗಳತ್ತ ನೋಡಿ.

ಕಂಬಗಳ ಸಾಲು ಬರೆಯುವಾಗ ಅಂತರ ಎಷ್ಟೆಷ್ಟು ಕಡಿಮೆ ಮಾಡ್ತಾ ಹೋಗಬೇಕು?

ಅಂದಾಜು ಬೇಡ, ಕರ್ಣ ಇದೆ. ಮೊದಲ ಎರಡು ಕಂಬಗಳನ್ನು ನಿಮಗೆ ಬೇಕಾದ ಅಂತರದಲ್ಲಿ ಹಾಕಿ. ಮೊದಲ ಕಂಬದ ತಲೆ, ನಡು, ಬುಡ ಮೂರರಿಂದಲೂ ವ್ಯಾನಿಶಿಂಗ್ ಪಾಯಿಂಟ್‌ಗೆ ಗೆರೆ ಎಳೆಯಿರಿ. ಮೊದಲ ಕಂಬದ ತಲೆಯಿಂದ ಎರಡನೆಯದರ ನಡುವಿನ ಮೂಲಕ ಗೆರೆ ಹಾಯಿಸಿ, ಅದು ಬುಡದ ಗೆರೆಯನ್ನು ಮುಟ್ಟಿದಲ್ಲಿ ಮೂರನೆಯ ಕಂಬ. ಹೀಗೇ ಮುಂದುವರಿಸಿ. ರೈಲು ಹಳಿಯ ಪಟ್ಟಿ, ಕಿಟಕಿಗಳ ಸಾಲು, ನೆಲದ ಟೈಲ್ಸ್, ಎಲ್ಲಕ್ಕೂ ಇದೇ.

## ಇನ್ನೂ ಮುಂದೆ ಹೋಗುವವರಿಗೆ

ಎಂಜಿನಿಯರಿಂಗ್ ಡ್ರಾಯಿಂಗ್‌ನಲ್ಲಿ ಐಸೊಮೆಟ್ರಿಕ್ ಕಲಿತಿದ್ದೀನಿ. ಅದೂ ಇದೂ ಒಂದೇನಾ?

ಬೇರೆ. ಐಸೊಮೆಟ್ರಿಕ್‌ನಲ್ಲಿ ಸಮಾನಾಂತರ ಅಂಚುಗಳು ಸಮಾನಾಂತರವಾಗಿಯೇ ಉಳಿಯುತ್ತವೆ, ಬದಿಗಳು ಅಡ್ಡಗೆರೆಗೆ 30 ಡಿಗ್ರಿಯಲ್ಲಿರುತ್ತವೆ, ಅಕ್ಷಗಳ ಉದ್ದಕ್ಕೆ ಸ್ಕೇಲಿಟ್ಟು ಅಳೆಯಬಹುದು. ಅದು ಅಳತೆ ತಿಳಿಸುವ ಚಿತ್ರ, ಕಣ್ಣಿಗೆ ಕಂಡಂತೆ ತೋರಿಸುವುದಲ್ಲ. ಐಸೊಮೆಟ್ರಿಕ್ ರೂಢಿಯಾದವರು ಬರಿಗೈ ಡಬ್ಬದಲ್ಲೂ ಗೆರೆಗಳನ್ನು ಸಮಾನಾಂತರ ಎಳೆದುಬಿಡುತ್ತಾರೆ, ಆಗ ದೂರದ ಬದಿ ಹತ್ತಿರದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಆರ್ಕಿಟೆಕ್ಚರ್ ಸೇರಲು ನಾಟಾ ಬರೆಯುವವರಿಗೆ ಬೇಕಾಗುವುದು ಹೆಚ್ಚಾಗಿ ಬರಿಗೈ ಪರ್ಸ್ಪೆಕ್ಟಿವ್. ಒನ್ ಮತ್ತು ಟೂ ಪಾಯಿಂಟ್‌ನಲ್ಲಿ ಸ್ಕೇಲಿಲ್ಲದೆ ಕೈ ಪಳಗಿಸಿಕೊಳ್ಳಿ.

ಟ್ಯಾಬ್ಲೆಟ್‌ನಲ್ಲೇ ಈ ಅಭ್ಯಾಸ ಮಾಡಬಹುದಾ?

ಮಾಡಬಹುದು, ಮೂರು ಷರತ್ತಿಗೆ. ಗೆರೆಯನ್ನು ತಾನೇ ನಯಗೊಳಿಸುವ ಸ್ಟೆಬಿಲೈಜರ್ ಪೂರ್ತಿ ಆಫ್ ಇರಲಿ, ಇಲ್ಲದಿದ್ದರೆ ಕಲಿಯುವುದು ಸಾಫ್ಟ್‌ವೇರೇ ಹೊರತು ಕೈಯಲ್ಲ. ಅನ್‌ಡೂ ಒತ್ತಬೇಡಿ. ಪರದೆಯಿಲ್ಲದ ಟ್ಯಾಬ್ಲೆಟ್ ಆದರೆ ಅದರ ಬರೆಯುವ ಜಾಗದ ಉದ್ದಗಲದ ಪ್ರಮಾಣ ಮಾನಿಟರಿನದಕ್ಕೆ ಹೊಂದುವಂತೆ ಸೆಟ್ಟಿಂಗ್ಸ್‌ನಲ್ಲಿ ಸರಿಪಡಿಸಿ. ಹೊಂದದಿದ್ದರೆ ಕೈ ವೃತ್ತ ಸುತ್ತಿದರೂ ಪರದೆಯಲ್ಲಿ ದೀರ್ಘವೃತ್ತ ಬರುತ್ತದೆ. ಆದರೂ ಮೊದಲ ಕೆಲವು ತಿಂಗಳು ಕಾಗದವೇ ಲೇಸು: ಹಾಳೆಯ ತಡೆ ಕೈಗೆ ತಿಳಿಯುತ್ತದೆ, ಹಾಳೆ ತಿರುಗಿಸುವುದು ಸಲೀಸು.

ಮುಂದಿನ ಹಂತಕ್ಕೆ ಯಾವಾಗ ಹೋಗಬಹುದು? ಇನ್ನೂ ಪರ್ಫೆಕ್ಟ್ ಬರ್ತಿಲ್ಲ.

ಪರ್ಫೆಕ್ಟ್ ಆಗಲೆಂದು ಕಾಯಬೇಡಿ. ಹತ್ತು ಗೆರೆಯಲ್ಲಿ ಏಳೆಂಟು ನಡುಗದೆ ಬಂದರೆ ದೀರ್ಘವೃತ್ತಕ್ಕೆ ಹೋಗಿ. ಪಟ್ಟಿಯೊಳಗಿನ ದೀರ್ಘವೃತ್ತಗಳು ಚೂಪಿಲ್ಲದೆ ತಿರುಗಿದರೆ, ಗಡಿ ಅಲ್ಲಲ್ಲಿ ದಾಟಿದರೂ ಸರಿ, ಡಬ್ಬಗಳಿಗೆ ಹೋಗಿ. ಡಬ್ಬದ ತಪ್ಪನ್ನು ಬಣ್ಣದ ಗೆರೆ ಎಳೆಯುವ ಮೊದಲೇ ನೀವು ಗುರುತಿಸತೊಡಗಿದರೆ ಸಿಲಿಂಡರು, ಚಕ್ರ, ಬಸ್ಸು, ಮನೆ ಶುರು ಮಾಡಬಹುದು. ಹಳೆಯ ಅಭ್ಯಾಸಗಳನ್ನು ಬಿಡಬೇಡಿ: ಚಿತ್ರಕ್ಕೆ ಕೂರುವ ಮುನ್ನ ಅವುಗಳಲ್ಲಿ ಎರಡನ್ನು ಆರಿಸಿಕೊಂಡು ಹತ್ತು ನಿಮಿಷ ಕೈ ಸಡಿಲಿಸಿಕೊಳ್ಳಿ. ಪ್ರತಿ ಪುಟದ ಮೂಲೆಯಲ್ಲಿ ತಾರೀಕು ಬರೆದಿಡಿ. ಸುಧಾರಣೆ ದಿನದಿಂದ ದಿನಕ್ಕೆ ಕಾಣುವುದಿಲ್ಲ, ತಿಂಗಳ ಹಿಂದಿನ ಪುಟ ಪಕ್ಕದಲ್ಲಿಟ್ಟರೆ ಕಾಣುತ್ತದೆ.